ಡೆಟ್ರಾಯಿಟ್‌ನಲ್ಲಿ ಮಾವನವರ ಶೂಸ್ ಕಳೆದದ್ದು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಹೇಳುವುದಕ್ಕೆ ಬರುವುದಿಲ್ಲ. ಜೋಕಿಗೆ ಮುಂಚೆ ಹಿನ್ನೆಲೆ ಹೇಳಿ, ಆಮೇಲೆ ಜೋಕನ್ನೂ ವಿವರಿಸುವವನು ನಾನು. ಆದರೆ ಮಾವನವರ ಜೊತೆ ಹೊಸ್ತಿಲು ದಾಟಿದಾಗಲೆಲ್ಲ ಏನಾದರೊಂದು ಆಗುತ್ತಲೇ ಇರುತ್ತದೆ, ಬರೆಯದೆ ಇರಲಾಗಲಿಲ್ಲ.

ಹಿನ್ನೆಲೆ ಇಷ್ಟು. ನಾವಿರುವುದು ಡೆಟ್ರಾಯಿಟ್ ಪಕ್ಕದ ಲಿವೋನಿಯಾದಲ್ಲಿ. ಮಾವ, ಅಂದರೆ ಹೆಂಡತಿಯ ತಂದೆ, ಮೈಸೂರಿನಲ್ಲಿ ಚರಿತ್ರೆ ಪಾಠ ಹೇಳಿ ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ಹೆಂಡತಿಗೆ ಎಂಟನೇ ತಿಂಗಳು. ಬಾಣಂತನಕ್ಕೆ ಅತ್ತೆ ಮಾವ ಇಬ್ಬರೂ ಬಂದಿದ್ದರು. ಎರಡನೇ ವಾರಕ್ಕೇ ಮಾವ, "ಅಳಿಯಂದ್ರೇ, ಟಿಕೆಟ್ ಬದಲಾಯಿಸಿ, ಹೊರಡ್ತೀವಿ. ಈ ದೇಶಕ್ಕೆ ಚರಿತ್ರೆ ಅನ್ನೋದೇ ಇಲ್ಲ" ಎಂದರು. ಮಾವ ಹೊರಟರೆ ಅತ್ತೆಯೂ ಹೊರಡುತ್ತಾರೆ. ಅತ್ತೆ ಹೊರಟರೆ ಮಗುವಿಗೆ ಎಣ್ಣೆ ತಿಕ್ಕಿ ನೀರು ಹಾಕುವವನು ನಾನು. ನನಗೆ ಕಾರು ತೊಳೆದು ಮಾತ್ರ ಅಭ್ಯಾಸ.

"ರೀ, ಏನಾದ್ರೂ ಮಾಡಿ ಅಪ್ಪನ್ನ ಉಳಿಸ್ಕೊಳ್ಳಿ" ಎಂದಳು ಹೆಂಡತಿ. ಅದಕ್ಕೇ, ಡೆಟ್ರಾಯಿಟ್‌ನ ಹಳೇ ಬೀದಿಗಳಲ್ಲಿ ಆಫ್ರಿಕನ್ ಅಮೆರಿಕನ್ನರ ಚರಿತ್ರೆ ತೋರಿಸುವ ಶನಿವಾರದ ನಡಿಗೆಗೆ ನನ್ನ, ಮಾವನ ಇಬ್ಬರ ಹೆಸರೂ ಕೊಟ್ಟೆ.

೧. ಅಭ್ಯಾಸ

ಎರಡು ಗಂಟೆ ನಡೆಯಬೇಕೆಂದು ಮಾವ ಶುಕ್ರವಾರವೇ ಅಭ್ಯಾಸಕ್ಕೆ ಹೊರಟರು. ನಮ್ಮ ಸಬ್‌ಡಿವಿಷನ್‌ನಲ್ಲಿ, ಅಂದರೆ ಬಡಾವಣೆಯಲ್ಲಿ, ನಾಯಿ ಇಲ್ಲದೆ ಯಾರೂ ನಡೆಯುವುದಿಲ್ಲ. ಪಂಚೆಯ ಮೇಲೆ ನನ್ನ ಚಳಿಗಾಲದ ಜಾಕೆಟ್ ಹಾಕಿದವರನ್ನು ಕಂಡು ಮೂರು ಕಾರು ನಿಂತವಂತೆ, ಗಾಡಿ ಕೆಟ್ಟಿದೆಯಾ ಎಂದು. ಇಬ್ಬರಿಗೆ "ನೋ, ಥ್ಯಾಂಕ್ಯೂ" ಅಂದರು. ಮೂರನೆಯವರು ವಯಸ್ಸಾದ ಹೆಂಗಸು. ಒಲ್ಲೆ ಅನ್ನುವುದು ಮರ್ಯಾದೆಯಲ್ಲವೆಂದು ಹತ್ತಿಬಿಟ್ಟರು. ಆಕೆ ಮನೆ ಬಾಗಿಲಿಗೇ ತಂದು ಇಳಿಸಿದರು.

"ಅಭ್ಯಾಸ ಆಯ್ತಾ ಮಾವ?"

"ಚೆನ್ನಾಗಾಯ್ತು. ಸೀಟು ಮೆತ್ತಗಿತ್ತು."

೨. ಪ್ರಶ್ನೋತ್ತರ

ನಡಿಗೆ ನಡೆಸುವವರು ಎಪ್ಪತ್ತು ದಾಟಿದ ಕಪ್ಪು ಹೆಂಗಸು, ಅವರೂ ನಿವೃತ್ತ ಟೀಚರ್. ಇದು ನನಗೆ ಮೊದಲೇ ಗೊತ್ತಿದ್ದರೆ ಒಬ್ಬರನ್ನೊಬ್ಬರು ನೋಡಲೂ ಬಿಡುತ್ತಿರಲಿಲ್ಲ. ಅವರು ಒಂದು ಹಳೇ ಇಟ್ಟಿಗೆ ಕಟ್ಟಡ ತೋರಿಸಿದರು.

ಮಾವ ಇಂಗ್ಲಿಷಿನಲ್ಲೇ, "ನಮ್ಮೂರ ಕಡೆ ದೇವಸ್ಥಾನಕ್ಕೆ ಎಂಟುನೂರು ವರ್ಷ" ಎಂದರು.

"ಕಟ್ಟಿದವರು ಯಾರು ಸರ್?"

ಮಾವ ರಾಜನ ಹೆಸರು, ಅವನಪ್ಪನ ಹೆಸರು, ತಾತನ ಹೆಸರು ಒಪ್ಪಿಸಿದರು.

"ಅವರಲ್ಲ. ಕಲ್ಲು ಹೊತ್ತವರ ಹೆಸರು?"

ಮಾವ ಕನ್ನಡಕ ತೆಗೆದು ಒರೆಸಿದರು. "ಅದು ಸಿಲಬಸ್‌ನಲ್ಲಿ ಇರಲಿಲ್ಲ."

"ನಮ್ಮಲ್ಲೂ ಇರಲಿಲ್ಲ. ಅದಕ್ಕೇ ನಾನು ಜನರನ್ನ ನಡೆಸ್ತಿದೀನಿ."

ಅಕ್ಕಪಕ್ಕ ಬೆಂಚು ಇರಲಿಲ್ಲ. ಇದ್ದಿದ್ದರೆ ಮಾವ ತಾವಾಗಿಯೇ ಅದರ ಮೇಲೆ ಹತ್ತಿ ನಿಲ್ಲುತ್ತಿದ್ದರು.

೩. ಶೂಸ್

ಮುಂದೆ ಒಂದು ಹಳೇ ಚರ್ಚು. ದಕ್ಷಿಣದ ರಾಜ್ಯಗಳಿಂದ ತಪ್ಪಿಸಿಕೊಂಡು ಬಂದ ಗುಲಾಮರು ಅದರ ನೆಲಮಾಳಿಗೆಯಲ್ಲಿ ಅಡಗಿದ್ದು, ಆಮೇಲೆ ನದಿ ದಾಟಿ ಕೆನಡಾ ಸೇರುತ್ತಿದ್ದರಂತೆ. ಟೀಚರ್ ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಮಾವ ಮೆಟ್ಟಿಲ ಬಳಿ ಕೂತು ಶೂಸ್ ಬಿಚ್ಚುತ್ತಿದ್ದರು. "ಇಂಥ ಜಾಗಕ್ಕೆ ಮೆಟ್ಟಿಕೊಂಡು ಇಳಿಯೋದಾ?"

ಟೀಚರ್ ಒಂದು ಗಳಿಗೆ ನೋಡಿ, ತಾವೂ ಬಿಚ್ಚಿದರು. ಆಮೇಲೆ ಹದಿನಾಲ್ಕು ಜನವೂ ಬಿಚ್ಚಿದೆವು. ಕಾಲುಚೀಲದಲ್ಲೇ ಕೆಳಗಿಳಿದು ನೋಡಿದೆವು.

ಮೇಲೆ ಬಂದರೆ ಮಾವನ ಕಪ್ಪು ಶೂಸ್ ಇಲ್ಲ! ಅದರ ಜಾಗದಲ್ಲಿ ಎರಡು ಸೈಜ್ ದೊಡ್ಡದು. ನಮ್ಮನ್ನು ನೋಡಿ ತಾವೂ ಬಿಚ್ಚಿದ್ದ ಬೇರೆ ಗುಂಪಿನವರು ಯಾರೋ ಅವಸರದಲ್ಲಿ ಬದಲಾಯಿಸಿಕೊಂಡು ಹೋಗಿದ್ದರು. ಮುಗಿಯಿತು, ನಾಳೆಯೇ ಟಿಕೆಟ್ ಎಂದುಕೊಂಡೆ. ಮಾವನ ಮುಖ ಮಾತ್ರ ಅರಳಿತು.

"ಒಪ್ಪಿದೆ ಅಳಿಯಂದ್ರೇ. ಚಪ್ಪಲಿ ಹೋಯ್ತು ಅಂದ್ರೆ ಇದು ದೊಡ್ಡ ಕ್ಷೇತ್ರವೇ."

(ನಮ್ಮಲ್ಲಿ ಹೆಸರುವಾಸಿ ದೇವಸ್ಥಾನಗಳಲ್ಲೇ ಚಪ್ಪಲಿ ಹೋಗುವುದು. ಸಣ್ಣ ಗುಡಿಗಳಲ್ಲಿ ಯಾರೂ ಮುಟ್ಟುವುದಿಲ್ಲ. ಗೊತ್ತಿಲ್ಲದವರಿಗಾಗಿ ಹೇಳಿದೆ.)

೪. ಡ್ಯೂಟಿ

ದೊಡ್ಡ ಶೂಸ್‌ನಲ್ಲಿ ಮಾವ ಪಟಪಟ ಎಂದು ಎಲ್ಲರಿಗಿಂತ ಹಿಂದೆ ಬರುತ್ತಿದ್ದರು. ನದಿ ದಂಡೆ ಮುಟ್ಟಿದಾಗ ಅವರು ಕಾಣಲಿಲ್ಲ. ಐದು ನಿಮಿಷದ ಮೇಲೆ, ಕಾಫಿಗೆಂದು ಜಾರಿಕೊಂಡಿದ್ದ ಗಂಡಹೆಂಡಿರನ್ನು ಮುಂದೆ ಬಿಟ್ಟುಕೊಂಡು, ಬೈಯುತ್ತ ಬಂದರು. "ಹದಿನಾಲ್ಕು ಹೊರಟಿದ್ವಿ, ಹದಿನಾಲ್ಕೂ ಮುಟ್ಟಬೇಕು!"

ಟೀಚರ್ ನಕ್ಕು, "ಬರೋ ಶನಿವಾರದಿಂದ ಕೊನೇಲಿ ನೀವೇ ಇರಿ ಸರ್. ಇಲ್ಲಿ ಯಾರನ್ನೂ ಹಿಂದೆ ಬಿಡಬಾರದು" ಎಂದರು.

ಕಾರು ಹತ್ತು ಮೈಲಿ ಬಂತು. ಆಮೇಲೆ ಮಾವ, "ಟಿಕೆಟ್ ಹಾಗೇ ಇರಲಿ" ಎಂದರು.

ಮನೆಯಲ್ಲಿ ಹೆಂಡತಿಯ ಕಣ್ಣು ತುಂಬಿತು. "ನನಗೋಸ್ಕರ ತಾನೇ ಅಪ್ಪಾ?"

"ನಿನಗೆ ನಿಮ್ಮಮ್ಮ ಇದ್ದಾಳೆ. ಶನಿವಾರಕ್ಕೆ ಯಾರಿದ್ದಾರೆ?"

ಐದು ಶನಿವಾರ ಕಳೆದವು, ಒಂದೂ ತಪ್ಪಿಸಿಲ್ಲ. ಇದನ್ನು ಸ್ವಲ್ಪ ವಿವರಿಸಬೇಕು. ಮಾವನಿಗೆ ಮಗಳ ಮೇಲೆ ಪ್ರೀತಿ ಇಲ್ಲ ಅಂತ ತಿಳಿಯಬಾರದು, ಯಾಕೆಂದರೆ ಅವರು

ತಾಳಿ, ಹೆಂಡತಿಗೆ ನೋವು ಶುರುವಾಯಿತಂತೆ. ಎಲ್ಲರೂ ಆಗಲೇ ಕಾರಿನ ಬಳಿ ಇದ್ದಾರೆ. ಮಾವ ಅಲ್ಲಿಂದಲೇ ಎಣಿಸಿ ಕೂಗುತ್ತಿದ್ದಾರೆ: "ನಾಲ್ಕೂವರೆ ಜನ ಇರಬೇಕು, ಮೂರೂವರೆ ಇದೀವಿ! ಆ ಬರೀತಾ ಕೂತೋರು ಎಲ್ಲಿ?"