ರಾಣಿ ಬಕೆಟ್ ಒದ್ದ ದಿನ

ಇಂಗ್ಲಿಷಿನಲ್ಲಿ ರಜೆ ಕೇಳುವಾಗ ಸುಳ್ಳು ಹೇಳುವುದು ಸುಲಭ, ನಿಜ ಹೇಳುವುದೇ ಕಷ್ಟ. ಜ್ವರಕ್ಕೆ ‘ಫೀವರ್’ ಎಂಬ ಒಂದು ಪದ ಸಾಕು, ಯಾರೂ ಹೆಚ್ಚು ವಿಚಾರಿಸುವುದಿಲ್ಲ. ನಿಜಕ್ಕೆ ಮಾತ್ರ ವ್ಯಾಕರಣ ಬೇಕು. ನಮ್ಮೂರು ಸಮೇತನಹಳ್ಳಿ, ಕೆಲಸ ಹೊಸಕೋಟೆಯ ಒಂದು ಗೋಡೌನಿನಲ್ಲಿ. ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ, ಆಮೇಲೆ ಇಸ್ತ್ರಿ ಪ್ಯಾಂಟು ತೊಟ್ಟು ಸೂಪರ್‌ವೈಸರ್ ಆಗುವವನು ನಾನು. ಅವತ್ತು ಹೊತ್ತಾಯಿತೆಂದು ಪ್ಯಾಂಟು ತೊಟ್ಟೇ ಹಾಲು ಕರೆಯಲು ಕೂತೆ. ನಮ್ಮ ಹಸು ರಾಣಿಗೆ ನನ್ನ ಸೆಂಟಿನ ವಾಸನೆ ಹಿಡಿಸಲಿಲ್ಲವೋ ಏನೋ, ಜಾಡಿಸಿ ಒದ್ದಳು. ಬಕೆಟ್ ಒಂದು ಕಡೆ, ನಾನೊಂದು ಕಡೆ, ಹಾಲು ಎಲ್ಲ ಕಡೆ.

ಮತ್ತೆ ಸ್ನಾನ ಮಾಡದೆ ಹೊರಡುವಂತಿರಲಿಲ್ಲ. ಮ್ಯಾನೇಜರ್ ಶ್ರೀಧರ್ ಅವರಿಗೆ ಇಂಗ್ಲಿಷೆಂದರೆ ಪ್ರಾಣ. ಅದಕ್ಕೇ ನಡೆದದ್ದನ್ನು ನಡೆದಂತೆಯೇ ಮೊಬೈಲಿನಲ್ಲಿ ಬರೆದೆ: “ಸಾರ್, ರಾಣಿ ಕಿಕ್ಡ್ ದ ಬಕೆಟ್ ದಿಸ್ ಮಾರ್ನಿಂಗ್. ಐ ವಿಲ್ ಕಮ್ ಲೇಟ್.” ಒಂದೂ ಸ್ಪೆಲಿಂಗ್ ತಪ್ಪಿಲ್ಲವೆಂದು ಹೆಮ್ಮೆಪಟ್ಟು ಕಳಿಸಿದೆ.

ತಕ್ಷಣ ಅವರದೇ ಫೋನು. “ಬರೋದೇ ಬೇಡ, ಮನೇಲಿರಿ. ಧೈರ್ಯ ತಂದ್ಕೊಳ್ಳಿ, ಅಮ್ಮನ್ನ ನೋಡ್ಕೊಳ್ಳಿ” ಎಂದರು. ದನಿ ಗದ್ಗದವಾಗಿತ್ತು. ಹಾಲು ಚೆಲ್ಲಿದ್ದಕ್ಕೆ ಇಷ್ಟು ಮರುಗುವ ಮ್ಯಾನೇಜರ್ ಇನ್ಯಾರಿಗುಂಟು! ಥ್ಯಾಂಕ್ಸ್ ಹೇಳಿ, ಹೊಟ್ಟೆ ತುಂಬ ಮುದ್ದೆ ಉಂಡು ಮಲಗಿದೆ.

ಸಂಜೆ ಎಚ್ಚರವಾದಾಗ ಅಂಗಳದಲ್ಲಿ ಮಾತು ಕೇಳಿಸಿತು. ಶ್ರೀಧರ್ ಮತ್ತು ಸ್ಟೋರ್ಸಿನ ಮಂಜುಳಾ ಮೇಡಂ ದೊಡ್ಡದೊಂದು ಸೇವಂತಿಗೆ ಹಾರ ಹಿಡಿದು ನಮ್ಮ ಅವ್ವನ ಮುಂದೆ ತಲೆ ತಗ್ಗಿಸಿ ನಿಂತಿದ್ದಾರೆ.

“ರಾಣಿಯವ್ರು ಹೀಗ್ ಮಾಡ್ಬಿಟ್ರಲ್ಲಮ್ಮ” ಎಂದರು ಶ್ರೀಧರ್.

“ಬುಡಿ ಸಾಮಿ, ಅವ್ಳಿಗೇನ್ ಹೊಸ್ದಾ? ವಾರಕ್ಕೊಂದ್ ಸಲ ಹಂಗೇ ಮಾಡ್ತಾಳೆ” ಎಂದಳು ಅವ್ವ.

ದುಃಖದಲ್ಲಿ ಮುದುಕಿಗೆ ಬುದ್ಧಿ ಕದಡಿದೆ ಎಂದುಕೊಂಡಿರಬೇಕು, ಶ್ರೀಧರ್ ದನಿ ಇನ್ನಷ್ಟು ತಗ್ಗಿಸಿ, “ಈಗ ಎಲ್ಲಿದಾರೆ?” ಎಂದು ಕೇಳಿದರು.

“ಇತ್ಲಾಗೆ ಕಟ್ಟಾಕಿವ್ನಿ, ಬನ್ನಿ.”

ಇಬ್ಬರೂ ಬೆಚ್ಚಿ ಹಿಂದೆ ಸರಿದರು. ನಾನು ಓಡಿಬಂದು ರಾಣಿ ಯಾರೆಂದು ಬಿಡಿಸಿ ಹೇಳಿದೆ. ರಾಣಿ ನನ್ನ ತಂಗಿಯೆಂದು ಅವರು ತಿಳಿದಿದ್ದರಂತೆ. ಮಂಜುಳಾ ನಗು ತಡೆದುಕೊಂಡು, “ಇಂಗ್ಲಿಷಲ್ಲಿ ಬಕೆಟ್ ಒದ್ದ ಅಂದ್ರೆ ಸತ್ತ ಅಂತ ಅರ್ಥ ಕಣ್ರೀ” ಎಂದರು.

“ಬಕೆಟ್ ಒದ್ದೋರೆಲ್ಲ ಸಾಯಂಗಿದ್ರೆ ನಮ್ ಕೊಟ್ಟಿಗೇಲಿ ಒಂದ್ ಹಸಾನೂ ಉಳೀತಿರ್ಲಿಲ್ಲ” ಎಂದು ಸಿಡುಕಿದ ಅವ್ವ, ನನ್ನತ್ತ ತಿರುಗಿದಳು. “ಲೇ, ಬಾಳೋ ಜೀವಾನ ಸಾಯ್ಸಿ ಮನಿಕಂಡಿದ್ಯೇನ್ಲಾ?” ಅವಳ ಕಣ್ಣಲ್ಲಿ ನೀರೇ ಬಂದಿತ್ತು. ಒಳಗಿನಿಂದ ಉಪ್ಪು ಮೆಣಸಿನಕಾಯಿ ತಂದು ರಾಣಿಗೆ ದೃಷ್ಟಿ ತೆಗೆದಳು. ಶ್ರೀಧರ್ ಕೊಟ್ಟಿಗೆಯ ಹತ್ತಿರ ಹೋಗಿ ನಿಂತರು. ರಾಣಿ ಕತ್ತು ಚಾಚಿ ಅವರ ಕೈಯಲ್ಲಿದ್ದ ಹಾರವನ್ನು ನೆಮ್ಮದಿಯಾಗಿ ತಿನ್ನತೊಡಗಿದಳು. ಅವ್ವನಿಗೂ ನಗು ಬಂತು. ಬಂದವರಿಗೆ ಕಾಫಿ ಸಿಕ್ಕಿತು, ನನಗೆ ಸಿಗಲಿಲ್ಲ.

ಈಗ ನಾನು ರಜೆಯನ್ನು ಕನ್ನಡದಲ್ಲೇ ಕೇಳುತ್ತೇನೆ. ಮೊನ್ನೆ, “ಸಾರ್, ಇವತ್ತು ಯಾಕೋ ತಲೆ ಓಡ್ತಿಲ್ಲ” ಎಂದು ಬರೆದೆ. ಶ್ರೀಧರ್ ಕೂಡ ಅಚ್ಚಗನ್ನಡದಲ್ಲೇ ಉತ್ತರಿಸಿದರು: “ಓಡಿದ್ದು ಯಾವಾಗ? ಬನ್ನಿ.”