ಟ್ರಾಂಪೊಲಿನ್ ಹಾರಿದ ಪ್ರಕರಣ

ಗಾಳಿ ಬಂದಾಗ ತೂರಿಕೋ ಎಂದು ಹಿರಿಯರು ಹೇಳಿದ್ದಾರೆ. ಗಾಳಿ ಬರುವ ಮೊದಲು ಹಿತ್ತಲಿನ ಸಾಮಾನು ಕಟ್ಟಿಕೋ ಎಂದು ಮಾತ್ರ ಯಾರೂ ಹೇಳಿಟ್ಟಿಲ್ಲ. ಹೇಳಿದ್ದರೂ ನಾನು ಕೇಳುತ್ತಿದ್ದೆನೆಂದಲ್ಲ. ನನ್ನ ಹೆಂಡತಿ ವಸುಧಾ ಆ ದಿನ ಆಸ್ಪತ್ರೆಯ ಡ್ಯೂಟಿಗೆ ಹೊರಡುವ ಮುನ್ನ ಅದನ್ನೇ ಮೂರು ಸಲ ಹೇಳಿದ್ದಳು. "ರೀ, ಟ್ರಾಂಪೊಲಿನ್ ಕಟ್ಟಿ. ಗೂಟದ ಪ್ಯಾಕೆಟ್ಟು ಮೆಟ್ಟಿಲ ಕೆಳಗೈತೆ." ಟ್ರಾಂಪೊಲಿನ್ ಅಂದರೆ ನಮ್ಮ ಮಗಳು ಹತ್ತಿ ಕುಣಿಯುವ, ದೊಡ್ಡ ಜರಡಿಯಂಥ ಸ್ಪ್ರಿಂಗಿನ ಆಟದ ಸಾಮಾನು. ನಾನು ಲ್ಯಾಪ್‌ಟಾಪಿನಿಂದ ತಲೆಯೆತ್ತದೆ, "ಕಟ್ತೀನಿ ಮಾರಾಯ್ತಿ, ಗ್ರ್ಯಾಂಡ್" ಎಂದಿದ್ದೆ. 'ಆಯ್ತು, ಸರಿ' ಎಂಬರ್ಥದ ಈ ಗ್ರ್ಯಾಂಡ್ ಎಂಬ ಪದ ಐರ್ಲೆಂಡಿನಲ್ಲಿ ನಾನು ಮೊದಲು ಕಲಿತದ್ದು. ಏನನ್ನೂ ಮಾಡದೆ ಎಲ್ಲ ಮಾಡಿ ಮುಗಿಸಿದಂತೆ ಅನ್ನಿಸುವುದು ಅದರ ಗುಣ.

ತಲೆಯೆತ್ತದಿರಲು ಕಾರಣವಿತ್ತು. ನಾನು ಬಿರುಗಾಳಿ ಬೆನ್ನಟ್ಟುವವರ ಒಂದು ಸಣ್ಣ ಗುಂಪಿನ ಸದಸ್ಯ. ಒಟ್ಟು ನಾಲ್ಕು ಜನ. ಮುಖಂಡರು ಅತ್ಲೋನಿನಲ್ಲಿರುವ ಡೆಸ್ಮಂಡ್ ಎಂಬ ನಿವೃತ್ತ ಭೂಗೋಳ ಮೇಷ್ಟ್ರು. ಗಾಳಿ ಎಲ್ಲಿ ಬೀಸುತ್ತದೋ ಅಲ್ಲಿಗೆ ಕಾರು ಓಡಿಸಿ, ಮರುದಿನ ಬಿದ್ದ ಮರ, ಮುರಿದ ಬೇಲಿ ನೋಡಿ, ಬೀಸಿದ್ದು ಸುಂಟರಗಾಳಿಯೋ ಬರೀ ಗಾಳಿಯೋ ಎಂದು ತೀರ್ಮಾನಿಸುವುದು ನಮ್ಮ ಹವ್ಯಾಸ. ಕೊರೊನಾ ಬಂದು, ಮನೆಯಿಂದ ಐದು ಕಿಲೋಮೀಟರ್ ದಾಟಬಾರದು ಎಂಬ ನಿಯಮ ಬಂದ ಮೇಲೆ ನಮ್ಮ ಸ್ಥಿತಿ ಕೇಳಬೇಡಿ. ಬಿರುಗಾಳಿಯೇ ದಯವಿಟ್ಟು ಐದು ಕಿಲೋಮೀಟರಿನೊಳಗೆ ಬರಬೇಕಿತ್ತು.

ಆ ದಿನ ಬಂದೇ ಬಿಟ್ಟಿತು. ದೇಶದ ಮಧ್ಯದ ಜಿಲ್ಲೆಗಳಲ್ಲಿ ಮೂರು ಕಡೆ ಸುಂಟರಗಾಳಿ ಎದ್ದ ಸುದ್ದಿ. ಮೋಡ ಪೂರ್ವಕ್ಕೆ, ಅಂದರೆ ನಮ್ಮ ಆಡಮ್ಸ್‌ಟೌನ್ ಕಡೆಗೇ ಬರುತ್ತಿತ್ತು. ನಾನು ಮೊದಲು ಮಾಡಿದ ಕೆಲಸವೆಂದರೆ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿಗೆ ಗಂಭೀರ ಎಚ್ಚರಿಕೆ ಕಳಿಸಿದ್ದು: "ಎಲ್ಲರೂ ನಿಮ್ಮ ಟ್ರಾಂಪೊಲಿನ್ ಕಟ್ಟಿಕೊಳ್ಳಿ." ಹೇಳುವುದು ವೇದಾಂತ, ತಿನ್ನುವುದು ಬದನೆಕಾಯಿ. ಆಮೇಲೆ ಮುಂಬಾಗಿಲಿಗೆ ಹೋಗಿ ಮೋಡದ ವಿಡಿಯೋ ತೆಗೆಯುತ್ತ ನಿಂತೆ. ಮೋಡದಿಂದ ಸುಂಟರಗಾಳಿಯ ಸೊಂಡಿಲು ಇಳಿಯುತ್ತದೆಂದು ಕಣ್ಣು ಮಿಟುಕಿಸದೆ ಕಾಯುತ್ತಿದ್ದಾಗ ಹಿತ್ತಲಿನಿಂದ ಏನೋ ಒಡೆದ ಸದ್ದು ಬಂತು. ಎಂಟು ವರ್ಷದ ಮಗಳು ಸಾನ್ವಿ ಓಡಿ ಬಂದು ತನ್ನ ಐರಿಷ್ ರಾಗದಲ್ಲಿ, "ಡ್ಯಾಡಿ, ಇಟ್ಸ್ ಗಾನ್" ಎಂದಳು.

ಟ್ರಾಂಪೊಲಿನ್ ಬೇಲಿ ಹಾರಿ ಪಕ್ಕದ ಮನೆಯ ಗಾಜಿನ ಗೂಡಿನ ಮೇಲೆ ಕವುಚಿ ಬಿದ್ದಿತ್ತು. ಪಕ್ಕದ ಮನೆಯವರು ಮೋರೀನ್. ನಮ್ಮ ಮನೆಯೊಳಗೆ ಮೋರೀನಮ್ಮ. ಎಪ್ಪತ್ತು ದಾಟಿದ ಒಂಟಿ ಹೆಂಗಸು, ಕೊರೊನಾ ಶುರುವಾದಾಗಿನಿಂದ ಗೇಟಿನ ಹೊರಗೆ ಕಾಲಿಟ್ಟವರಲ್ಲ. ಆ ಪುಟ್ಟ ಗಾಜಿನ ಗೂಡಿನಲ್ಲಿ ಟೊಮೇಟೊ ಸಸಿ ಎಬ್ಬಿಸುವುದು, ದಿನಾ ಹನ್ನೊಂದು ಗಂಟೆಗೆ ಬೇಲಿಯ ಬಳಿ ನಿಂತು ನನ್ನೊಡನೆ ಹತ್ತು ನಿಮಿಷ ಹವೆಯ ಬಗ್ಗೆ ಮಾತಾಡುವುದು, ಇಷ್ಟೇ ಅವರ ದಿನಚರಿ. ಅಂದು ಒಡೆದ ಗಾಜಿನ ನಡುವೆ ನಿಂತು, "ಸುಂಟರಗಾಳಿಯೇನಪ್ಪಾ?" ಎಂದು ಕೇಳಿದರು. ನನ್ನ ಬಾಯಿಗೆ ಅದೇನು ಬಂದಿತ್ತೋ, "ಇರಬೋದು. ಪರಿಶೀಲಿಸ್ತಾ ಇದೀವಿ" ಅಂದುಬಿಟ್ಟೆ.

ಆ ಕ್ಷಣದಿಂದ ನನ್ನ ತಲೆಯಲ್ಲಿ ಒಂದೇ ಲೆಕ್ಕ. ಬೀಸಿದ್ದು ಸುಂಟರಗಾಳಿಯಾದರೆ ಕಟ್ಟಿದ್ದರೂ ಹಾರುತ್ತಿತ್ತು, ತಪ್ಪು ದೇವರದು. ಬರೀ ಗಾಳಿಯಾದರೆ ತಪ್ಪು ನನ್ನದು. ಐದು ಕಿಲೋಮೀಟರ್ ನಿಯಮದಿಂದಾಗಿ ಸ್ಥಳ ಪರಿಶೀಲನೆಗೆ ಬರಬಲ್ಲ ಸದಸ್ಯ ನಾನೊಬ್ಬನೇ, ಹಾಗಾಗಿ ಕಳ್ಳನೇ ಪೊಲೀಸನೂ ಆದ. ಕಂಪಾಸ್ ಹಿಡಿದು ಬೀದಿ ಬೀದಿ ತಿರುಗಿದೆ. ಸುಂಟರಗಾಳಿಯಾದರೆ ಬಿದ್ದ ವಸ್ತುಗಳು ದಿಕ್ಕಿಗೊಂದಾಗಿ ಬಿದ್ದಿರಬೇಕು. ನಮ್ಮ ಬಡಾವಣೆಯ ಕಸದ ಬಿನ್ನುಗಳೋ, ಶಾಲಾ ಮಕ್ಕಳಂತೆ ಎಲ್ಲವೂ ಪೂರ್ವಕ್ಕೇ ತಲೆ ಹಾಕಿ ಮಲಗಿದ್ದವು. ಏಳನೆಯ ಬಿನ್ ನಮ್ಮ ಮನೆಯೆದುರೇ ಇತ್ತು. ಸುತ್ತ ನೋಡಿ ಕಾಲಿನಿಂದ ಅದನ್ನು ಮೆಲ್ಲಗೆ ಉತ್ತರಕ್ಕೆ ತಿರುಗಿಸಿದೆ. ತಲೆಯೆತ್ತಿದರೆ ಕಿಟಕಿಯಲ್ಲಿ ಮೋರೀನಮ್ಮ ಕೈ ಬೀಸುತ್ತಿದ್ದಾರೆ! ನಾನೂ ಕೈ ಬೀಸಿ, ಬಿನ್ನನ್ನು ಮತ್ತೆ ಪೂರ್ವಕ್ಕೇ ತಿರುಗಿಸಿ, ಫೋಟೋ ತೆಗೆದುಕೊಂಡು ಒಳಗೆ ಓಡಿದೆ.

ಅಲ್ಲಿಂದ ನಾಲ್ಕು ದಿನ ಹನ್ನೊಂದು ಗಂಟೆಯಾದರೆ ನನಗೆ ಎಲ್ಲಿಲ್ಲದ ಆಫೀಸ್ ಮೀಟಿಂಗು. ಹಿತ್ತಲಿನ ಪರದೆ ಎಳೆದೇ ಇಟ್ಟಿದ್ದೆ. ಅಡುಗೆಮನೆಯಲ್ಲಿ ಗಾಜಿನ ಲೋಟ ಸದ್ದು ಮಾಡಿದರೂ ಬೆಚ್ಚುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನನ್ನು ಯಾರೂ ಏನೂ ಅನ್ನದೆಯೇ ನಾನು ಹೆಗಲು ಒರೆಸಿಕೊಳ್ಳುತ್ತಿದ್ದೆ.

ಭಾನುವಾರ ಬೆಳಗ್ಗೆ ಝೂಮ್‌ನಲ್ಲಿ ವಿಶ್ಲೇಷಣೆ ನಡೆಯಿತು. ಡೆಸ್ಮಂಡ್ ಮೇಷ್ಟ್ರು ನನ್ನ ಫೋಟೋಗಳನ್ನು ಒಂದೊಂದೇ ಪರದೆಗೆ ತಂದು, ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುವಂತೆ ನೋಡಿದರು. "ಬಿನ್ನುಗಳೆಲ್ಲ ಪೂರ್ವಕ್ಕೆ. ಬಡಾವಣೆಯಲ್ಲಿ ಉಳಿದ ಟ್ರಾಂಪೊಲಿನ್ನುಗಳೆಲ್ಲ ನಿಂತಲ್ಲೇ ನಿಂತಿವೆ, ಕಟ್ಟಿದ್ದರಂತೆ. ಹಾರಿದ್ದು ಇದೊಂದೇ. ಇದರ ಗೂಟಗಳು ಕಿತ್ತು ಬಂದವೋ, ಬಾಗಿದವೋ? ಅವುಗಳ ಫೋಟೋ ಎಲ್ಲಿ?" ನಾನು, ಗೂಟಗಳನ್ನು ಹುಡುಕುತ್ತಿದ್ದೇವೆ ಎಂದು ತೊದಲಿದೆ. ಹಿಂದಿನಿಂದ ವಸುಧಾ ಬಂದು, ಅಂಗಡಿಯ ಸೀಲೂ ಒಡೆಯದ ಪ್ಯಾಕೆಟ್ಟನ್ನು ಕ್ಯಾಮೆರಾದ ಮುಂದೆಯೇ ಎತ್ತಿ ಹಿಡಿದು, "ಇದೇನಾ ನೀವು ಹುಡುಕ್ತಿರೋದು?" ಎಂದಳು. ಅಲ್ಲಿದ್ದ ಯಾರಿಗೂ ಕನ್ನಡ ಬಾರದು. ಪ್ಯಾಕೆಟ್ಟು ಎಲ್ಲರಿಗೂ ಅರ್ಥವಾಯಿತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿ ತೀರ್ಪು ಕೊಟ್ಟರು: "ಬರೀ ಗಾಳಿ."

ಇನ್ನು ಬಚ್ಚಿಟ್ಟುಕೊಳ್ಳಲು ಜಾಗವಿರಲಿಲ್ಲ. ಮಾಸ್ಕ್ ಹಾಕಿಕೊಂಡು ಬೇಲಿಯ ಬಳಿ ಹೋಗಿ ನಿಂತೆ. ಮೋರೀನಮ್ಮ ಬಂದರು. ನಾನು ಕಟ್ಟಿರಲಿಲ್ಲ, ಸುಂಟರಗಾಳಿ ಬಂದಿರಲಿಲ್ಲ, ತಪ್ಪಾಯಿತು, ಗೂಡನ್ನು ನಾನೇ ಮತ್ತೆ ಕಟ್ಟಿಕೊಡುತ್ತೇನೆ ಎಂದು ಒಂದೇ ಉಸಿರಿಗೆ ಒದರಿದೆ. ಅವರು ಹೇಳಿದ್ದನ್ನು ನಮ್ಮ ಭಾಷೆಗೆ ತಂದರೆ ಹೀಗೆ: "ಗೊತ್ತಪ್ಪಾ. ವರ್ಷದಿಂದ ಈ ಮನೆ ಹಿಂದ್ಲ ಕಿಟಕಿ, ಮುಂದ್ಲ ಕಿಟಕೀಲೇ ಕೂತಿರೋಳು ನಾನು. ನಿಮ್ಮನೇಲಿ ಯಾವ್ದು ಕಟ್ಟಿದೆ, ಯಾವ್ದು ಕಟ್ಟಿಲ್ಲ ಅಂತ ನಂಗೆ ಗೊತ್ತಿಲ್ವಾ? ನೀನು ಬಿನ್ ತಿರುಗಿಸಿದ್ದೂ ನೋಡಿದೆ, ವಾಪಸ್ ತಿರುಗಿಸಿದ್ದೂ ನೋಡಿದೆ."

ನಾನು ನೆಲ ನೋಡಿದೆ. ಅವರೇ ಮುಂದುವರಿಸಿದರು: "ಗಾಜು ಹೋದ್ರೆ ಹೋಗ್ಲಿ. ನಾಲ್ಕು ದಿನದಿಂದ ನನ್ ಜೊತೆ ಯಾರೂ ಮಾತಾಡಿಲ್ಲ. ಒಂದ್ ವೇಳೆ ಅದು ಸುಂಟರಗಾಳಿ ಅಂತ್ಲೇ ಹೇಳಿ ತಪ್ಪಿಸ್ಕೊಳ್ಳೋಕೆ ಆಗಿದ್ದಿದ್ರೆ, ನೀನು ಇವತ್ತೂ ಬರ್ತಿರ್ಲಿಲ್ಲ, ಅಲ್ವಾ?"

ಊರಿನ ಬಿನ್ನುಗಳನ್ನೆಲ್ಲ ಎಣಿಸಿದ ನಾನು ಈ ನಷ್ಟವನ್ನು ಎಣಿಸಿರಲೇ ಇಲ್ಲ.

ಈಗ ಪ್ರತಿ ಭಾನುವಾರ ಹನ್ನೊಂದಕ್ಕೆ ಅವರ ಹಿತ್ತಲಿನಲ್ಲಿ ನನ್ನ ಕೂಲಿ ಕೆಲಸ. ಅವರು ಎರಡು ಮೀಟರ್ ದೂರದಲ್ಲಿ ಕುರ್ಚಿ ಹಾಕಿಕೊಂಡು ಮೇಸ್ತ್ರಿಕೆ ಮಾಡುತ್ತಾರೆ. ಗೂಡು ನೆಟ್ಟಗೆ ನಿಂತಿದೆ ಎಂದು ನಾನು ಹೇಳುತ್ತೇನೆ, ಅವರು ಇನ್ನೂ ಹೇಳಿಲ್ಲ. ಮೊನ್ನೆ ಮತ್ತೆ ಗಾಳಿಯ ಮುನ್ಸೂಚನೆ ಬಂತು. ಹಳೆಯ ಚಾಳಿ ಬಿಡಲಾಗದೆ ಬಡಾವಣೆಯ ಗುಂಪಿಗೆ ಎಚ್ಚರಿಕೆ ಕಳಿಸಿದೆ. ಅರ್ಧ ನಿಮಿಷದಲ್ಲಿ ಮೋರೀನಮ್ಮನ ಉತ್ತರ ಬಂತು, ಎಲ್ಲರೂ ನೋಡುವಂತೆ. ಅವರ ಕಿಟಕಿಯಿಂದ ತೆಗೆದ ನಮ್ಮ ಹಿತ್ತಲಿನ ಫೋಟೋ, ಅದರ ಕೆಳಗೆ ಒಂದೇ ಸಾಲು: "ನಿನ್ನ ಏಣಿ ಇನ್ನೂ ಹೊರಗಿದೆ."