ಹಸಿರು ಉಂಗುರದ ಬ್ರಷ್ಷು

ಅಂದು ಸೋಮವಾರ, ಬೆಳಗಿನ ಆರು ಗಂಟೆ ನಲವತ್ತು ನಿಮಿಷ. ನಾನು ನಿಂತಿದ್ದದ್ದು ಬೈಲಹೊಂಗಲದ ನಮ್ಮ ಮನೆಯ ಹಿತ್ತಲ ಕಡೆಯ ಪಡಸಾಲೆಯಲ್ಲಿ, ಬಚ್ಚಲಿನ ಹೊರಗೋಡೆಗೆ ಕೂಡಿಸಿದ ವಾಶ್‌ಬೇಸಿನ್ನಿನ ಮುಂದೆ, ಕನ್ನಡಿಯಿಂದ ಸುಮಾರು ಒಂದೂವರೆ ಅಡಿ ದೂರದಲ್ಲಿ, ಉತ್ತರಕ್ಕೆ ಮುಖ ಮಾಡಿ. ಆಕಾಶದಲ್ಲಿ ಮೋಡವಿರಲಿಲ್ಲ. ಹಿತ್ತಲ ಬಾಗಿಲು ಪೂರ್ತಿ ತೆರೆದಿತ್ತು. ಮೈಮೇಲೆ ಬನಿಯನ್ನು, ಪಟ್ಟಿಪಟ್ಟಿ ಪಾಯಜಾಮ, ಬಾಯಲ್ಲಿ ನೊರೆ, ಬಲಗೈಯಲ್ಲಿ ಗುಂಯ್ ಎನ್ನುವ ಕರೆಂಟಿನ ಬ್ರಷ್ಷು. ಕನ್ನಡಕಕ್ಕೆ ನೊರೆ ಸಿಡಿಯುತ್ತದೆಂದು ತೆಗೆದು ಕಿಟಕಿಯ ಮೇಲಿಟ್ಟಿದ್ದೆ. ಇಷ್ಟನ್ನು ನಾನು ಯಾರ ಒತ್ತಾಯವೂ ಇಲ್ಲದೆ, ಪೂರ್ಣ ಎಚ್ಚರದಲ್ಲಿ ಹೇಳುತ್ತಿದ್ದೇನೆ. ಮುಂದಿನದನ್ನು ಹೇಳುವಾಗ ಮಾತ್ರ ನನ್ನ ತಲೆ ತಗ್ಗಿರುತ್ತದೆ.

ಇಷ್ಟು ಕರಾರುವಾಕ್ಕಾಗಿ ಮಾತಾಡುವುದು ನನ್ನ ಕಸುಬಿನಿಂದ ಹತ್ತಿದ ಚಟ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿದ್ದೆ. ಸಾಕ್ಷಿಕಟ್ಟೆಯಲ್ಲಿ ನಿಂತವರು ತಡವರಿಸುವುದನ್ನು ದಿನಾಲೂ ಕಂಡವನು. ಒಮ್ಮೆ ಸಿರಸಂಗಿ ಕಡೆಯ ವಯಸ್ಸಾದ ರೈತನೊಬ್ಬ, ಕಳುವಾದ ಎತ್ತಿನ ಹಗ್ಗ ಹಸಿರು ಎಂದ. ಪಾಟೀಸವಾಲಿನಲ್ಲಿ ವಕೀಲರು ಅದೇ ಹಗ್ಗವನ್ನು ಎತ್ತಿ ತೋರಿಸಿ ಕೇಳಿದಾಗ ನೀಲಿ ಎಂದ. ಎಲ್ಲರೂ ನಕ್ಕರು. ನಾನು ಬಾಯಿಗೆ ಕರವಸ್ತ್ರ ಹಿಡಿದು ನಕ್ಕೆ. "ಬಣ್ಣಾನ ಗೊತ್ತಾಗದಾವ ಸಾಕ್ಷಿಗೆ ಯಾಕ ಬರಬೇಕು" ಎಂದು ಅಂದು ಮನೆಗೆ ಬಂದು ಹೆಂಡತಿಯ ಮುಂದೆಯೂ ಹೇಳಿ ಇನ್ನೊಮ್ಮೆ ನಕ್ಕೆ. ಆ ರೈತನ ಮುಖ ಈಗೀಗ ನನಗೆ ವಾಶ್‌ಬೇಸಿನ್ನಿನ ಕನ್ನಡಿಯಲ್ಲಿ ಕಾಣಿಸುತ್ತದೆ.

ನಮ್ಮ ಮನೆಯಲ್ಲಿ ನಾವು ಐವರು. ನಾನು, ನನ್ನ ಹೆಂಡತಿ ಮಹಾದೇವಿ, ತಮ್ಮ ಸಿದ್ಲಿಂಗ, ಅವನ ಹೆಂಡತಿ ಸುಜಾತಾ, ಮತ್ತು ನಮ್ಮವ್ವ ಬಾಳವ್ವ. ಸುಜಾತಾ ಸಾಲಿ ಮಾಸ್ತರಬಾಯಿ. ದಿನವಿಡೀ ನಲವತ್ತು ಹುಡುಗರ ಮುಂದೆ ಗಂಟಲು ಹರಿಯುವ ಹಾಗೆ ಮಾತಾಡುವ ಹೆಣ್ಣುಮಗಳು ಮನೆಗೆ ಬಂದು ನನ್ನ ಮುಂದೆ ಹಾಯುವಾಗ ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಾಳೆ, ಮಾತಾಡುವುದಿಲ್ಲ. ನಾನೂ ಆಡುವುದಿಲ್ಲ. ಭಾವ ಮತ್ತು ತಮ್ಮನ ಹೆಂಡತಿ ಹೀಗೇ ಇರಬೇಕೆಂದು ನಮ್ಮಲ್ಲಿ ಯಾರೋ ಎಂದೋ ನಿಶ್ಚಯಿಸಿದ್ದಾರೆ. ಹೇಳುವುದೇನಿದ್ದರೂ ಅವಳು ಬಾಗಿಲಿಗೆ ಹೇಳುತ್ತಾಳೆ, ನಾನು ಗೋಡೆಗೆ ಹೇಳುತ್ತೇನೆ. "ಚಹಾ ಆರಾಕ ಹತ್ತೇತಿ" ಎಂದು ಬಾಗಿಲು ಹೇಳಿದರೆ, "ಸಕ್ಕರಿ ಕಡಿಮಿ ಹಾಕಿದ್ರ ಚಲೋ ಇತ್ತು" ಎಂದು ಗೋಡೆ ಉತ್ತರ ಕೊಡುತ್ತದೆ. ಹನ್ನೊಂದು ವರ್ಷ ಈ ವ್ಯವಸ್ಥೆ ಯಾವ ತಕರಾರೂ ಇಲ್ಲದೆ ನಡೆದಿತ್ತು.

ಒಂದು ದಿನ ಊಟದಲ್ಲಿ ಅವಳು ಕಡಕ್ ರೊಟ್ಟಿ ಕಚ್ಚಿದಾಗ ರೊಟ್ಟಿಯ ಅಂಚಿಗೆ ರಕ್ತ ಹತ್ತಿತು. ಮಹಾದೇವಿ ಅದನ್ನು ನೋಡಿ ಮರುದಿನವೇ ಅವಳನ್ನು ಹಲ್ಲಿನ ಡಾಕ್ಟರಬಾಯಿಯ ಹತ್ತಿರ ಕರೆದುಕೊಂಡು ಹೋದಳು. ಅವರು ಬಾಯಿ ನೋಡಿ, ಸ್ವಚ್ಛ ಮಾಡಿ, "ಹಲ್ಲು ಗಟ್ಟಿ ಅದಾವ್ರಿ, ವಸಡು ಸೋತಾವು. ಇಷ್ಟ ಒತ್ತಿ ತಿಕ್ಕಿದ್ರ ಕಲ್ಲೂ ಸವೀತೈತಿ. ಮೆತ್ತನ್ನ ಸಾದಾ ಬ್ರಷ್ ಆದ್ರೂ ಸಾಕು, ಆದ್ರ ನಿಮ್ಮ ಕೈ ಚಟ ಬಿಡೂದಿಲ್ಲ. ಒತ್ತಿದ ಕೂಡ್ಲೆ ಕೆಂಪು ದೀಪ ಹತ್ತೂವಂಥಾ ಕರೆಂಟಿಂದು ತಗೋರಿ. ಈಗ ಸುಧಾರಿಸದಿದ್ರ ಮುಂದ ಹಲ್ಲ ಅಲಗ್ಯಾಡತಾವು" ಎಂದರಂತೆ.

ಒತ್ತಿ ತಿಕ್ಕುವುದು ನಮ್ಮ ಮನೆತನದ ಪದ್ಧತಿ. ನಮ್ಮಪ್ಪ ಬೂದಿ ಮತ್ತು ಉಪ್ಪಿನಲ್ಲಿ ಹಲ್ಲು ತಿಕ್ಕುತ್ತ, "ಹಿತ್ತಾಳಿ ತಂಬಿಗಿ ಬೆಳಗಿದಂಗ ಬೆಳಗಬೇಕಲೇ" ಎನ್ನುತ್ತಿದ್ದ. ಅವ್ವ ಸುಟ್ಟ ತಂಬಾಕಿನ ಪುಡಿಯಲ್ಲಿ ಬೆಳಗಿ ಬೆಳಗಿ, ಬೆಳಗುವುದಕ್ಕೆ ಏನೂ ಉಳಿಯದಂತೆ ಮಾಡಿಕೊಂಡಳು. ಸೊಸೆಯಾಗಿ ಬಂದವಳಿಗೂ ಇದೇ ಉಪದೇಶವನ್ನು ನಾನು ಗೋಡೆಯ ಮೂಲಕ ತಲುಪಿಸಿದ್ದೆನೆಂದು ತೋರುತ್ತದೆ. ಹಾಗಾಗಿ ಬ್ರಷ್ಷು ತರುವ ಹೊಣೆ ಹಿರಿಯನಾದ ನನ್ನದೇ ಎಂದುಕೊಂಡೆ. ಅಲ್ಲಿಯೇ ತೊಡಕು ಬಂತು. ತಮ್ಮನ ಹೆಂಡತಿಯ ಬಾಯೊಳಗೆ ಹೋಗುವ ಒಂದು ಸಾಮಾನನ್ನು ಭಾವನಾದವನು ಅವಳಿಗೆಂದೇ ತಂದುಕೊಡುವುದು ಹೇಗೆ? ಮಂದಿ ಏನಂದಾರು? ತಮ್ಮನಿಗೆ ಹೇಳಿದ್ದರೆ ಅವನೇ ತರುತ್ತಿದ್ದ. ಆದರೆ ಅವನು ಆರಿಸಿ ತರುವುದರಲ್ಲಿ ನನಗೆ ನಂಬಿಕೆ ಇರಲಿಲ್ಲ.

ಬೆಳಗಾವಿಯ ಬಸ್ಸು ಹತ್ತಿ ಹೋಗಿ ಅಂಗಡಿಯಲ್ಲಿ ಒಂದು ತಾಸು ನಿಂತೆ. ಒಂದು ನಮೂನೆಯದಕ್ಕೆ ಗುಂಡನೆಯ ತಲೆ, ಅದು ಎಡಕ್ಕೂ ಬಲಕ್ಕೂ ತಿರುಗುತ್ತದೆ. ಇನ್ನೊಂದಕ್ಕೆ ಉದ್ದನೆಯ ತಲೆ, ಅದು ಚಳಿಜ್ವರ ಬಂದವರಂತೆ ಸಣ್ಣಗೆ ನಡುಗುತ್ತದೆ. ಎಳೆಗಳು ಮೆತ್ತಗಿವೆಯೇ, ಒತ್ತಿದರೆ ಕೆಂಪು ದೀಪ ಹತ್ತುವುದು ಖರೆಯೇ, ನಿಲ್ಲುವುದು ಎರಡು ನಿಮಿಷಕ್ಕೇ ಏನು, ಅರ್ಧರ್ಧ ನಿಮಿಷಕ್ಕೆ ತಡೆದು ಜಾಗ ಬದಲಿಸಲು ಹೇಳುತ್ತದೆಯೇ, ಮೂರು ತಿಂಗಳಿಗೆ ತಲೆ ಬದಲಿಸಬೇಕಾದಾಗ ಬೇರೆ ತಲೆ ಇಲ್ಲೇ ಸಿಗುತ್ತದೆಯೇ ಎಂದು ಒಂದೊಂದಾಗಿ ಕೇಳಿದೆ. ಅಂಗಡಿಯವನು, "ಕಾಕಾ, ಟ್ರ್ಯಾಕ್ಟರ್ ತಗೊಳ್ಳಾವ್ರೂ ಇಷ್ಟ ಕೇಳೂದಿಲ್ರಿ. ಯಾರಿಗೆ ಬೇಕಾಗಿತ್ರಿ ಇದು?" ಎಂದ. ನಾನು ಆಚೀಚೆ ನೋಡಿ, "ಮನಿಗೆ" ಎಂದೆ. "ಹಂಗಾರ ಇದನ್ನ ಒಯ್ರಿ" ಎಂದು ಅವನು ಗುಂಡು ತಲೆಯ ನಮೂನೆಯನ್ನು ತೆಗೆದ. ಹಿಡಿಕೆ ಒಂದು, ತಲೆ ನಾಲ್ಕು. ಪ್ರತಿಯೊಂದು ತಲೆಯ ಬುಡಕ್ಕೂ ಒಂದೊಂದು ಬಣ್ಣದ ಉಂಗುರ. ಅವರವರ ತಲೆಯನ್ನು ಅವರವರು ಸಿಕ್ಕಿಸಿಕೊಂಡು ತಿಕ್ಕಿ, ತೆಗೆದಿಡುವುದು. ನನ್ನ ಮಾನ ಉಳಿಯಿತು ಎಂದುಕೊಂಡು ಕೊಂಡೆ.

ಮನೆಯಲ್ಲಿ ಪೆಟ್ಟಿಗೆ ಬಿಚ್ಚಿದಾಗ ಅವ್ವ ತಲೆಗಳನ್ನು ಎಣಿಸಿದಳು. "ನನಗೊಂದ ತಲಿ ಇಲ್ಲೇನೋ?"

"ಯವ್ವಾ, ನಿನಗ ಹಲ್ಲಿಲ್ಲಲಾ."

"ಹಲ್ಲಿಲ್ಲಂದ್ರ ಮನ್ಯಾಗ ಲೆಕ್ಕಕ್ಕಿಲ್ಲೇನು?"

ಒಂದು ಹಾಳೆಯಲ್ಲಿ ದುಂಡಗೆ ಬರೆದು ಕನ್ನಡಿಯ ಪಕ್ಕ ಅಂಟಿಸಿದೆ: ನೀಲಿ ನನಗೆ, ಗುಲಾಬಿ ಮಹಾದೇವಿಗೆ, ಹಳದಿ ಸಿದ್ಲಿಂಗನಿಗೆ, ಹಸಿರು ಸುಜಾತಾಳಿಗೆ. ಅವ್ವನಿಗೆ ಓದಲು ಬಾರದೆಂದು ಎರಡೆರಡು ಸಲ ಗಟ್ಟಿಯಾಗಿ ಓದಿಯೂ ಹೇಳಿದೆ. ಬ್ರಷ್ಷನ್ನು ತಿಕ್ಕಬಾರದು, ಹಲ್ಲೂ ವಸಡೂ ಕೂಡುವಲ್ಲಿ ಸುಮ್ಮನೆ ಹಿಡಿದು ನಿಧಾನ ಸರಿಸಬೇಕು, ಕೆಲಸವನ್ನು ಅದೇ ಮಾಡುತ್ತದೆ ಎಂದು ಗೋಡೆಗೆ ತಿಳಿಸಿದೆ. ಸುಜಾತಾ ಶಾಲೆಗೆ ಹೊರಡುವವಳಾದ್ದರಿಂದ ಆರರ ಒಳಗೇ ಎದ್ದು ತಿಕ್ಕುತ್ತಿದ್ದಳು. ನನ್ನ ಪಾಳಿ ಆರು ನಲವತ್ತಕ್ಕೆ.

ಐದನೆಯ ದಿನ ನನ್ನ ತಲೆ ಒದ್ದೆಯಾಗಿರುವುದು ಗಮನಕ್ಕೆ ಬಂತು. ಬ್ರಷ್ಷಿನ ತಲೆ. ನಾನು ಮುಟ್ಟುವ ಮೊದಲೇ ಒದ್ದೆ! ಅಂದರೆ ಮನೆಯಲ್ಲಿ ಯಾರೋ ನನ್ನದನ್ನು ಬಳಸುತ್ತಿದ್ದಾರೆ. ಎಂಜಲು ಎಂಬುದೊಂದು ಇಲ್ಲವೇ? ಅಂದು ಸಂಜೆ ಚಹಾದ ಹೊತ್ತಿಗೆ ವಿಚಾರಣೆ ನಡೆಸಿದೆ. ಅವ್ವ ಮಂಚದ ಮೇಲೆ, ಹೆಂಡತಿ ಹೊಸ್ತಿಲ ಹತ್ತಿರ, ತಮ್ಮ ಕುರ್ಚಿಯಲ್ಲಿ, ಸುಜಾತಾ ಅಡುಗೆಮನೆಯ ಬಾಗಿಲ ಹಿಂದೆ. ಮಹಾದೇವಿ ಏಳು ಗಂಟೆಗೆ ಮುಂಚೆ ತಾನು ಬ್ರಷ್ ಮುಟ್ಟುವುದಿಲ್ಲವೆಂದಳು. ಸಿದ್ಲಿಂಗ, "ಅಣ್ಣಾ, ನಾ ಏಳೂದ ಎಂಟಕ್ಕ" ಎಂದ. ನಿಜವೇ. ಉಳಿದವರು ಒಬ್ಬರೇ. ನಾನು ಗೋಡೆಯ ಕಡೆ ತಿರುಗಿ, ಕೋರ್ಟಿನಲ್ಲಿ ನಾನೇ ಕೇಳಿ ಕೇಳಿ ಕಲಿತ ದನಿಯಲ್ಲಿ, "ಡಿಗ್ರಿ ಕಲಿತವ್ರಿಗೆ ಹಸಿರು ಯಾವುದು, ನೀಲಿ ಯಾವುದು ಗೊತ್ತಾಗೂದಿಲ್ಲಂದ್ರ ಹುಡುಗೂರಿಗೆ ಏನ ಕಲಸ್ತಾರ?" ಎಂದೆ.

ಬಾಗಿಲ ಹಿಂದೆ ಒಂದು ಪಾತ್ರೆ ನೆಲಕ್ಕೆ ಇಟ್ಟ ಸದ್ದಾಯಿತು. ಮೆಲ್ಲಗೆ ಇಟ್ಟದ್ದು, ಬಿದ್ದದ್ದಲ್ಲ. ಅದನ್ನೇ ತಪ್ಪೊಪ್ಪಿಗೆ ಎಂದು ದಾಖಲು ಮಾಡಿಕೊಂಡೆ.

ಒಂದೆರಡು ದಿನ ಕಳೆದ ಮೇಲೆ ನನ್ನ ತಲೆ ಎಂದೂ ಒದ್ದೆಯಾಗಲಿಲ್ಲ. ನ್ಯಾಯ ಗೆದ್ದಿತೆಂದು ಬೀಗಿದೆ. ಹತ್ತೊಂಬತ್ತು ದಿನಗಳಾದ ಮೇಲೆ ಮಹಾದೇವಿ ಮತ್ತೆ ಸುಜಾತಾಳನ್ನು ಡಾಕ್ಟರಬಾಯಿಯ ಹತ್ತಿರ ಕರೆದೊಯ್ದು, ಮೋರೆ ಸಣ್ಣದು ಮಾಡಿಕೊಂಡು ಬಂದಳು. "ವಸಡು ಮೊದಲಿಗಿಂತ ಕೆಟ್ಟಾವಂತ್ರಿ. ಮಶೀನ ಮುಟ್ಟಿಯೇ ಇಲ್ಲ ಅಂತ ಕಾಣತೈತಿ ಅಂದ್ರು. ಹಿಂದಿನ ಎರಡು ಹಲ್ಲು ಉಳೀತಾವೊ ಇಲ್ಲೊ ನೋಡೂಣು ಅಂದ್ರು. ಇಕಿ ಬಾಯಿ ಬಿಟ್ಟ ಒಂದ ಮಾತ ಹೇಳವಲ್ಲಳು."

"ನಿಯಮ ಪಾಲಿಸದಿದ್ರ ಮಶೀನ ಏನ ಮಾಡೀತು" ಎಂದೆ ನಾನು. ಈ ಮಾತನ್ನು ನಾನು ಆಡಿಲ್ಲವೆಂದು ಹೇಳಲು ಸಾಧ್ಯವಿದ್ದರೆ ಹೇಳುತ್ತಿದ್ದೆ. ಆಡಿದ್ದೇನೆ.

ಈಗ ಆ ಸೋಮವಾರಕ್ಕೆ ಬರುತ್ತೇನೆ. ದಿನಾಲೂ ಮುಂದಿನ ಕಟ್ಟೆಯ ಮೇಲೆ ಬಿಸಿಲು ಕಾಯುವ ಅವ್ವ, ಅಂದು ಮುಂದಿನಂಗಳ ತೊಳೆಯುತ್ತಿದ್ದರೆಂದು ಹಿತ್ತಲ ಮೆಟ್ಟಿಲಿಗೆ ಬಂದು ಕುಳಿತಿದ್ದಳು. ನನಗೂ ಅವಳಿಗೂ ನಾಲ್ಕು ಅಡಿ ಅಂತರ. ನಾನು ಗುಂಡಿ ಒತ್ತಿ ಕೆಳಗಿನ ಬಲಗಡೆಯ ಹಲ್ಲು ಶುರು ಮಾಡಿದೆ. ಅವ್ವ ನೋಡಿದಳು. ಇನ್ನೂ ಸ್ವಲ್ಪ ಬಗ್ಗಿ ನೋಡಿದಳು.

"ಯಾಕೋ ಈರ್ಯಾ, ಆ ಹುಡುಗಿ ಬ್ರಷ್ ಯಾಕ ಬಾಯಾಗ ಹಾಕ್ಕೊಂಡೀ?"

ನೊರೆಯೊಳಗಿಂದ, "ಇದು ನಂದ. ನೀಲಿ" ಎಂದೆ.

"ಎಲ್ಲೀ ನೀಲಿಯೋ! ಹಸಿ ಮೆಣಸಿನಕಾಯಿ ಹಸರು. ನೀಲಿ ಅಲ್ಲೇತಿ ನೋಡು, ಬಂದಾಗಿಂದ ಹಂಗ ನಿಂತೇತಿ, ಮದುಮಗನಂಗ."

ಅವ್ವನ ದನಿಗೆ ಮಹಾದೇವಿ ಬಂದಳು. ಟವೆಲ್ಲು ಹೆಗಲಿಗೆ ಹಾಕಿಕೊಂಡು ಸಿದ್ಲಿಂಗ, ಅಪರೂಪಕ್ಕೆ ಎಂಟಕ್ಕೆ ಮುಂಚೆ ಎದ್ದವನು, ಬಂದ. ಕೊಡ ಹಿಡಿದು ಬರುತ್ತಿದ್ದ ಸುಜಾತಾ ನಮ್ಮನ್ನು ನೋಡಿ ಬಾಗಿಲಲ್ಲೇ ನಿಂತಳು. ನಾನು ಎಡಗೈಯಿಂದ ಕನ್ನಡಕ ತಡಕಿ ಹಾಕಿಕೊಂಡು ಆ ಇನ್ನೊಂದು ತಲೆಯನ್ನು ಬಾಗಿಲ ಬೆಳಕಿಗೆ ಹಿಡಿದೆ. ಕೋರ್ಟಿಗೆ ಹಾಜರುಪಡಿಸಿದ ಮುದ್ದೆಮಾಲು ಸುಳ್ಳು ಹೇಳುವುದಿಲ್ಲ. ಎಳೆಗಳು ಪೆಟ್ಟಿಗೆಯಿಂದ ತೆಗೆದ ದಿನದಂತೆ ನೆಟ್ಟಗಿದ್ದವು, ಮೇಲೆ ತೆಳ್ಳಗೆ ಧೂಳಿತ್ತು. ನೀಲಿ ತಲೆ ಒಂದು ದಿನವೂ ನನ್ನ ಬಾಯಿ ಕಂಡಿರಲಿಲ್ಲ. ಅಷ್ಟು ದಿನ ನನ್ನ ಬಾಯಿಯಲ್ಲಿದ್ದದ್ದು ಹಸಿರು. ಒದ್ದೆಯಾಗಿದ್ದದ್ದು ಅದರ ಒಡತಿ ನನಗಿಂತ ಮೊದಲು ತಿಕ್ಕಿಕೊಂಡಿದ್ದರಿಂದ.

ಅವ್ವ ಬಾಗಿಲ ಕಡೆ ತಿರುಗಿದಳು. "ನಿನಗ ಗೊತ್ತಿತ್ತೇನವಾ?"

"ಗೊತ್ತಿತ್ರಿ ಅತ್ತಿ. ಅವತ್ತು ಬೈಸಿಕೊಂಡ ಮರುದಿನ ನೋಡಿದ್ನಿ. ಅವತ್ತಿನಿಂದ ಹಳೇ ಬ್ರಷ್ಷಿನಿಂದ ತಿಕ್ಕಾಕ ಹತ್ತೇನಿ."

"ಮತ್ತ ಬಾಯಿ ಬಿಟ್ಟ ಹೇಳಬಾರದೇನ?" ಎಂದು ಮಹಾದೇವಿ ರೇಗಿದಳು.

"ಹೆಂಗ ಹೇಳ್ಲಿ ಅಕ್ಕಾ? ಭಾವಾರ ಬಾಯಾಗ ಇದ್ದದ್ದನ್ನ ನಂದು ಅಂತ ಹೆಂಗ ಹೇಳ್ಲಿ?"

ಆಗ ಎರಡು ನಿಮಿಷ ತುಂಬಿ ಬ್ರಷ್ಷು ತಾನಾಗಿಯೇ ನಿಂತಿತು. ನನ್ನ ಗದ್ದದಿಂದ ನೊರೆ ಬೇಸಿನ್ನಿಗೆ ಬಿತ್ತು. ಸಿದ್ಲಿಂಗ ಗೋಡೆಯ ಮೇಲಿನ ನನ್ನ ಹಾಳೆಯನ್ನು ಬಹಳ ಆಸಕ್ತಿಯಿಂದ ಓದತೊಡಗಿದ. ಅಭ್ಯಾಸಬಲದಿಂದ ನಾನೂ ಗೋಡೆಯ ಕಡೆ ತಿರುಗಿದೆ. ಗೋಡೆಗೆ ಏನು ಹೇಳಲಿ? ಬೈಸಿಕೊಂಡದ್ದು ಗೋಡೆಯಲ್ಲ, ನೆತ್ತರು ಬಂದದ್ದು ಗೋಡೆಯ ವಸಡಿಗಲ್ಲ. ಬಾಯಿ ಮುಕ್ಕಳಿಸಿ, ಒರೆಸಿಕೊಂಡು, ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವಳ ಮುಖ ನೋಡಿ ಹೇಳಿದೆ: "ಸುಜಾತಾ, ತಪ್ಪ ನಂದವಾ. ನಿನ್ನ ಕಣ್ಣ ಸರಿ ಅದಾವು. ನನ್ನವ ಸರಿ ಇಲ್ಲ."

ಅವಳು ಸೆರಗು ಸರಿಪಡಿಸಿಕೊಂಡಳು. ಬಾಗಿಲನ್ನು ನೋಡಲಿಲ್ಲ. "ಇರ್ಲಿ ಬಿಡ್ರಿ ಭಾವಾರ" ಎಂದಳು. ಆಮೇಲೆ, ಶಾಲೆಯಲ್ಲಿ ಹುಡುಗರಿಗೆ ಹೇಳುವ ದನಿಯಲ್ಲೇ ಇರಬೇಕು, "ನೀವು ಭಾಳ ಒತ್ತತೀರ್ರಿ. ಅಷ್ಟೂ ಹೊತ್ತು ಕೆಂಪು ದೀಪ ಹತ್ತೇ ಇತ್ತು" ಎಂದಳು.

ಅದೇ ದಿನ ಬೆಳಗಾವಿಯ ಬಸ್ಸು ಹತ್ತಿದೆ. ಅದೇ ಅಂಗಡಿಯವನು ಅದೇ ಪ್ರಶ್ನೆ ಕೇಳಿದ. "ನನ್ನ ತಮ್ಮನ ಹೆಂಡತಿಗೆ" ಎಂದೆ, ಪಕ್ಕದಲ್ಲಿದ್ದ ನಾಲ್ಕು ಮಂದಿಗೆ ಕೇಳುವ ಹಾಗೆ. ಯಾರೂ ಏನೂ ಅನ್ನಲಿಲ್ಲ. ಒಬ್ಬ ಮಾತ್ರ ತನಗೂ ಒಂದು ತೋರಿಸೆಂದ. ಹೊಸ ಹಿಡಿಕೆ, ಹೊಸ ತಲೆ, ಎಲ್ಲ ಅವಳೊಬ್ಬಳವು. ಅವಳ ಕೋಣೆಯಲ್ಲೇ ಇರುತ್ತವೆ. ಬರುವ ದಾರಿಯಲ್ಲಿ ಕಣ್ಣಿನ ಡಾಕ್ಟರಿಗೂ ತೋರಿಸಿದೆ. ಎರಡೂ ಕಣ್ಣಿಗೆ ಪೊರೆ ಬಂದಿದೆ, ಮಬ್ಬು ಜಾಗದಲ್ಲಿ ನೀಲಿಯೂ ಹಸಿರೂ ಒಂದೇ ಕಾಣುವುದು ಸಹಜ ಎಂದರು. ಸಿರಸಂಗಿಯ ಆ ರೈತನಿಗೆ ಇದನ್ನು ತಿಳಿಸಬೇಕೆನಿಸಿತು. ಆಗಲೇ ಅವನಿಗೆ ವಯಸ್ಸಾಗಿತ್ತು, ಈಗ ಇರಲಿಕ್ಕಿಲ್ಲ. ಸುಜಾತಾಳ ವಸಡು ಎರಡು ತಿಂಗಳಿನಲ್ಲಿ ಗಟ್ಟಿಯಾಯಿತು, ಹಿಂದಿನ ಎರಡು ಹಲ್ಲೂ ಉಳಿದವು, ಮೊನ್ನೆ ಕಡಕ್ ರೊಟ್ಟಿ ಮುರಿದು ತಿಂದದ್ದು ನನಗೇ ಕೇಳಿಸಿತು. ನನ್ನ ಚಹಾಕ್ಕೆ ಸಕ್ಕರೆ ಹೆಚ್ಚಾಯಿತೆಂದರೆ ಈಗ ಅವಳಿಗೇ ಹೇಳುತ್ತೇನೆ. ಹೆಚ್ಚಾಗಿಲ್ಲವೆಂದು ಅವಳೂ ನನಗೇ ಹೇಳುತ್ತಾಳೆ.

ಅಂದಿನ ಘಟನೆಯನ್ನು ನನ್ನ ಹೊರತು ಕಣ್ಣಾರೆ ಕಂಡವರು ನಾಲ್ವರು: ಮಹಾದೇವಿ, ಸಿದ್ಲಿಂಗ, ಸುಜಾತಾ, ಬಾಳವ್ವ. ನಾಲ್ವರೂ ಬದುಕಿದ್ದಾರೆ, ಗಟ್ಟಿಮುಟ್ಟಾಗಿದ್ದಾರೆ. ಮೊದಲ ಮೂವರು ಈ ವಿಷಯ ಎತ್ತುವುದಿಲ್ಲ. ಅವ್ವ ಮಾತ್ರ ಮನೆಗೆ ಬಂದವರಿಗೆಲ್ಲ, ಕಿತ್ತೂರಿನ ಬೀಗರಿಗೂ ಬಿಡದೆ, ಹೇಳುತ್ತಾಳೆ. ಕನಿಷ್ಠ ಬೆಳಕು ಮಬ್ಬಾಗಿತ್ತು ಎಂದಾದರೂ ಸೇರಿಸು, ನಿನಗೂ ಸರಿಯಾಗಿ ಕಂಡಿರಲಿಕ್ಕಿಲ್ಲ ಎಂದು ಒಮ್ಮೆ ಬೇಡಿಕೊಂಡೆ.

"ಹಲ್ಲಿಲ್ಲ ಅಂತ ಲೆಕ್ಕಕ್ಕ ಹಿಡೀಲಿಲ್ಲ ನೀ" ಎಂದಳು. "ನನಗ ಕಣ್ಣ ಅದಾವೋ."